ಹಾವು ಕಡಿದರೆ ರಕ್ತ ಗಾಜಿನ ಟ್ಯೂಬಿಗೇ ಯಾಕೆ? ಗಾಜಿಗೂ ದೇಹಕ್ಕೂ ಇರುವ ಜಗಳ, ರಾಜಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ಇವತ್ತಿನ ವಿಷಯ ಗಾಜು. ಕಿಟಕಿ ಗಾಜಲ್ಲ, ನಿಮ್ಮ ಫೋನಿನ ಗಾಜೂ ಅಲ್ಲ. ನಮ್ಮ ರಕ್ತಕ್ಕೆ, ಎಲುಬಿಗೆ, ಹಲ್ಲಿಗೆ ತಾಗುವ ಗಾಜು.

ಇದು ಶುರುವಾಗಿದ್ದು ನಿಡಗುಂದಿ ಕಡೆಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದ್ತಾ ಇದ್ದಾರಂತೆ. ಅವರು ಕೇಳಿದ್ದು ಇಷ್ಟು: ಹಾವು ಕಡಿದವರು ದವಾಖಾನೆಗೆ ಬಂದ ಕೂಡಲೇ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಇಡ್ತಾರಲ್ಲ, ಪ್ಲಾಸ್ಟಿಕ್ ಟ್ಯೂಬ್ ಯಾಕೆ ನಡೆಯಂಗಿಲ್ಲ? ಆ ಗಾಜಿನ ಟ್ಯೂಬನ್ನ ಸೋಪು ಹಚ್ಚಿ ತೊಳೀಬ್ಯಾಡ್ರಿ ಅಂತಾನೂ ಹೇಳ್ತಾರೆ. ಸ್ವಚ್ಛ ಇದ್ದಷ್ಟೂ ಛಲೋ ಅಲ್ಲೇನ್ರಿ?

ಎರಡು ಸಾಲಿನ ಪ್ರಶ್ನೆ. ಉತ್ತರ ಹುಡುಕ್ತಾ ಹೋದರೆ ಇಡೀ ಒಂದು ವಿಜ್ಞಾನವೇ ತೆರೆದುಕೊಳ್ಳುತ್ತೆ. ಗಾಜಿನ ಮೇಲ್ಮೈಯನ್ನ ದೇಹ ಹೇಗೆ ಗುರುತಿಸುತ್ತೆ, ಆ ಮೇಲ್ಮೈಯನ್ನ ಸ್ವಲ್ಪ ಬದಲಿಸಿದರೆ ದೇಹ ಹೇಗೆ ಬೇರೆ ರೀತಿ ನಡ್ಕೊಳ್ಳುತ್ತೆ, ಅನ್ನೋದೇ ಆ ವಿಜ್ಞಾನ.

ಮೊದಲು ಹಾವಿನ ವಿಷಯ ಮುಗಿಸೋಣ, ಯಾಕಂದ್ರೆ ಜೀವದ ಪ್ರಶ್ನೆ ಅಲ್ಲಿದೆ. ನಿಡಗುಂದಿ ಸುತ್ತ ಒಂದು ಕಡೆ ಆಲಮಟ್ಟಿಯ ಹಿನ್ನೀರು, ಇನ್ನೊಂದು ಕಡೆ ಕಾಲುವೆ, ಕಬ್ಬು, ತೊಗರಿ, ಜೋಳ. ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸೋಕೆ ಹೊಲಕ್ಕೆ ಹೋಗೋ ಮಂದಿ. ಹಾವು ತುಳಿಯೋ ಅವಕಾಶ ಎಷ್ಟಿರುತ್ತೆ ಅಂತ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಅಂತ 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತೆ. ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸ್ತು. ಖಾಸಗಿ ಆಸ್ಪತ್ರೆಯಾದರೂ ಲೆಕ್ಕ ಕೊಡಲೇಬೇಕು.

ನಮ್ಮಲ್ಲಿ ಹೆಚ್ಚು ಕಾಡೋ ವಿಷದ ಹಾವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲ ಎರಡರ ವಿಷ ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುತ್ತೆ. ರೆಪ್ಪೆ ಬೀಳುತ್ತೆ, ಉಸಿರು ಕಟ್ಟುತ್ತೆ. ಮಂಡಲದ ಹಾವುಗಳ ವಿಷ ರಕ್ತದ ಮೇಲೆ. ರಕ್ತವನ್ನ ಹೆಪ್ಪುಗಟ್ಟಿಸೋಕೆ ದೇಹ ಇಟ್ಕೊಂಡಿರೋ ಫೈಬ್ರಿನೋಜನ್ ಅನ್ನೋ ಪ್ರೋಟೀನನ್ನ ಈ ವಿಷ ಸುಮ್ಮಸುಮ್ಮನೆ ಖರ್ಚು ಮಾಡಿಸಿಬಿಡುತ್ತೆ. ಸ್ಟಾಕ್ ಖಾಲಿ. ಆಮೇಲೆ ಒಳಗೆ ಎಲ್ಲಿ ರಕ್ತ ಸೋರಿದರೂ ನಿಲ್ಲಿಸೋರು ಯಾರೂ ಇಲ್ಲ.

ಸ್ಟಾಕ್ ಖಾಲಿ ಆಗಿದೆಯಾ ಅಂತ ತಿಳ್ಕೊಳ್ಳೋಕೆ ದೊಡ್ಡ ಮಷೀನ್ ಬೇಕಿಲ್ಲ. ರಕ್ತನಾಳದಿಂದ 2 ಎಂಎಲ್ ರಕ್ತ ತೆಗೆದು, ಹೊಸದಾದ, ಒಣಗಿದ, ಸಾದಾ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಒಂದೇ ಒಂದು ಸಲ ವಾಲಿಸಿ ನೋಡಬೇಕು. ಗಟ್ಟಿಯಾಗಿದ್ರೆ ಫೈಬ್ರಿನೋಜನ್ ಇದೆ. ನೀರಿನ ಹಾಗೆ ಹರಿದ್ರೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಮಾರ್ಗಸೂಚಿಯಲ್ಲೂ ಈ ಪರೀಕ್ಷೆ ಇದೆ, ನಮ್ಮ ದೇಶದ ಚಿಕಿತ್ಸಾ ಕ್ರಮದಲ್ಲೂ ಇದೆ. ವಿಜಯಪುರಕ್ಕೋ ಬಾಗಲಕೋಟೆಗೋ ಒಂದು ತಾಸಿನ ದಾರಿ ಇರುವ ಊರಲ್ಲಿ, ರಾತ್ರಿ ಎರಡು ಗಂಟೆಗೆ, ಡ್ಯೂಟಿ ಡಾಕ್ಟರ್ ಕೈಯಲ್ಲಿರೋ ಲ್ಯಾಬೋರೇಟರಿ ಅಂದ್ರೆ ಈ ಒಂದು ಟ್ಯೂಬು, ಒಂದು ಗಡಿಯಾರ.

ಇಲ್ಲಿ ಗಾಜು ಬರೀ ಪಾತ್ರೆ ಅಲ್ಲ. ಗಾಜೇ ಇಲ್ಲಿ ಔಷಧಿ ಥರ ಕೆಲಸ ಮಾಡ್ತಾ ಇದೆ. ರಕ್ತಕ್ಕೆ ಹೆಪ್ಪುಗಟ್ಟು ಅಂತ ಹೇಳ್ತಾ ಇರೋದು ಗಾಜು.

ಹೇಗೆ ಅಂತ ನೋಡೋಣ. ಗಾಜು ಅಂದ್ರೆ ಉಸುಕು, ಸೋಡಾ, ಸುಣ್ಣದ ಕಲ್ಲು ಸೇರಿಸಿ ಕರಗಿಸಿ ತಣ್ಣಗಾಗಿಸಿದ್ದು. ಒಳಗೆಲ್ಲ ಸಿಲಿಕಾನ್ ಮತ್ತು ಆಮ್ಲಜನಕದ ಬಲೆ. ಬಲೆಯ ಒಳಗಿರೋ ಪರಮಾಣುಗಳಿಗೆ ನಾಲ್ಕೂ ಕಡೆ ಕೈ ಹಿಡಿಯೋರು ಇರ್ತಾರೆ. ಅಂಚಿನಲ್ಲಿರೋವಕ್ಕೆ ಒಂದು ಕೈ ಖಾಲಿ. ಆ ಖಾಲಿ ಕೈ ಗಾಳಿಯ ತೇವದಿಂದ ಆಮ್ಲಜನಕ-ಜಲಜನಕದ ಜೋಡಿಯೊಂದನ್ನ ಹಿಡ್ಕೊಳ್ಳುತ್ತೆ. ರಕ್ತ ಅಥವಾ ನೀರು ತಾಗಿದಾಗ ಅದರಲ್ಲಿ ಕೆಲವು ಜಲಜನಕ ಬಿಟ್ಟುಹೋಗಿ, ಮೇಲ್ಮೈಯಲ್ಲಿ ಮೈನಸ್ ಚಾರ್ಜ್ ಉಳಿಯುತ್ತೆ. ಕಣ್ಣಿಗೆ ನುಣುಪಾಗಿ, ಏನೂ ಮಾಡದೆ ಸುಮ್ಮನೆ ಕೂತ ಹಾಗೆ ಕಾಣೋ ಗಾಜು, ಅಣುಗಳ ಮಟ್ಟದಲ್ಲಿ ಮೈಯೆಲ್ಲ ಚಾರ್ಜ್ ಹೊತ್ತು ನಿಂತಿರುತ್ತೆ.

ನಮ್ಮ ರಕ್ತದಲ್ಲಿ ಫ್ಯಾಕ್ಟರ್ 12 ಅನ್ನೋ ಪ್ರೋಟೀನ್ ಒಂದು ಓಡಾಡ್ತಾ ಇರುತ್ತೆ. ಮೈನಸ್ ಚಾರ್ಜಿನ ಮೇಲ್ಮೈ ಸಿಕ್ಕರೆ ಅದು ಹೋಗಿ ಅಂಟಿಕೊಂಡು, ಆಕಾರ ಬದಲಿಸಿ, ಎಚ್ಚರ ಆಗುತ್ತೆ. ಎಚ್ಚರಾದದ್ದು ಫ್ಯಾಕ್ಟರ್ 11 ಅನ್ನ ಎಬ್ಬಿಸುತ್ತೆ, ಅದು ಇನ್ನೊಂದನ್ನ. ಹೀಗೆ ಸರಪಳಿ ಸಾಗಿ ಕೊನೆಗೆ ಫೈಬ್ರಿನೋಜನ್ ನೂಲಾಗಿ, ನೂಲು ಬಲೆಯಾಗಿ, ರಕ್ತ ಗಟ್ಟಿಯಾಗುತ್ತೆ. ಆರೋಗ್ಯವಂತರ ರಕ್ತ ಸಾದಾ ಗಾಜಿನಲ್ಲಿ ಸುಮಾರು 5ರಿಂದ 15 ನಿಮಿಷದಲ್ಲಿ ಹೆಪ್ಪುಗಟ್ಟುತ್ತೆ. 20 ನಿಮಿಷ ಅಂತ ಇಟ್ಟಿರೋದು ಅದಕ್ಕೇ, ಸ್ವಲ್ಪ ಹೆಚ್ಚಿನ ಸಮಯ ಕೊಟ್ಟು ಸಂಶಯ ಉಳಿಯದಿರಲಿ ಅಂತ.

ಈ ಫ್ಯಾಕ್ಟರ್ 12ರ ಕಥೆ ಚೂರು ಹೇಳಲೇಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜಾನ್ ಹೇಗ್‌ಮನ್ ಅನ್ನೋ ರೈಲ್ವೆ ಕೆಲಸಗಾರ ಇದ್ದ. ಆಪರೇಷನ್‌ಗೆ ಮುಂಚೆ ಮಾಮೂಲಿ ಪರೀಕ್ಷೆ ಮಾಡಿದರೆ ಅವನ ರಕ್ತ ಗಾಜಿನ ಟ್ಯೂಬಿನಲ್ಲಿ ಹೆಪ್ಪೇ ಗಟ್ಟುತ್ತಿಲ್ಲ. ಹಾಗಂತ ಅವನಿಗೆ ಗಾಯವಾದಾಗ ರಕ್ತ ನಿಲ್ಲದೆ ಹೋದ ಉದಾಹರಣೆಯೇ ಇಲ್ಲ! ಆಸ್ಕರ್ ರ್‍ಯಾಟ್ನಾಫ್ ಮತ್ತು ಜೋನ್ ಕೊಲೋಪಿ 1955ರಲ್ಲಿ ಇದನ್ನ ಬರೆದರು: ಅವನ ರಕ್ತದಲ್ಲಿ ಒಂದು ಪ್ರೋಟೀನ್ ಇಲ್ಲ. ಅದಕ್ಕೆ ಹೇಗ್‌ಮನ್ ಫ್ಯಾಕ್ಟರ್ ಅಂತಲೇ ಹೆಸರು ಬಂತು. ಈಗ ನಾವು ಅದನ್ನೇ ಫ್ಯಾಕ್ಟರ್ 12 ಅಂತೀವಿ. ವಿಚಿತ್ರ ಏನಂದ್ರೆ, ರಕ್ತ ಹೆಪ್ಪುಗಟ್ಟದ ಮನುಷ್ಯ ಅಂತ ಪುಸ್ತಕದಲ್ಲಿ ಸೇರಿದ ಹೇಗ್‌ಮನ್ 1968ರಲ್ಲಿ ತೀರಿಕೊಂಡಿದ್ದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ರಕ್ತದ ಹೆಪ್ಪಿನಿಂದಲೇ.

ಅಂದ್ರೆ ಗಾಯ ಆದಾಗ ರಕ್ತ ನಿಲ್ಲೋಕೆ ದೇಹ ಬೇರೆ ದಾರಿ ಬಳಸುತ್ತೆ. ಗಾಜು ತಾಗಿದಾಗ ಶುರುವಾಗೋ ದಾರಿ ಬೇರೆ. ತಿಮಿಂಗಿಲಗಳಿಗೆ ಫ್ಯಾಕ್ಟರ್ 12 ಇಲ್ಲವೇ ಇಲ್ಲ, ಸಮುದ್ರದಲ್ಲಿ ಆರಾಮಾಗಿವೆ. ಆದರೆ ಎರಡೂ ದಾರಿ ಕೊನೆಗೆ ಸೇರೋದು ಒಂದೇ ಕಡೆ, ಫೈಬ್ರಿನೋಜನ್ ಹತ್ತಿರ. ಹಾವಿನ ವಿಷ ಖಾಲಿ ಮಾಡೋದೂ ಅದನ್ನೇ. ಹಾಗಾಗಿ ಗಾಜಿನ ದಾರಿಯಲ್ಲಿ ನಡೆದುಹೋಗಿ ಉಗ್ರಾಣದಲ್ಲಿ ಮಾಲು ಇದೆಯಾ ಅಂತ ನೋಡಿ ಬರಬಹುದು.

ಮನೆ ಕಟ್ಟೋ ಲೆಕ್ಕದಲ್ಲಿ ಹೇಳ್ತೀನಿ. ಗಾಜು ಅಂದ್ರೆ ಕೆಲಸಕ್ಕೆ ಬರ್ರಿ ಅಂತ ಕೂಗೋ ಮೇಸ್ತ್ರಿ. ಫೈಬ್ರಿನೋಜನ್ ಅಂದ್ರೆ ಇಟ್ಟಂಗಿ. ಮಂಡಲದ ಹಾವು ಕಡಿದಾಗ ಮೇಸ್ತ್ರಿ ಕೂಗ್ತಾನೆ, ಆಳುಗಳು ಬರ್ತಾರೆ, ಇಟ್ಟಂಗಿ ಇಲ್ಲ. ಗೋಡೆ ಏಳಲ್ಲ. ಈಗ ಅದೇ ಟ್ಯೂಬನ್ನ ಸೋಪಿನ ಪುಡಿ ಹಾಕಿ ತೊಳೆದಿದ್ದೀರಿ ಅಂತ ಇಟ್ಕೊಳ್ಳಿ. ಎಷ್ಟು ಗಲಬರಿಸಿದರೂ ಡಿಟರ್ಜೆಂಟಿನ ತೆಳು ಪದರ ಗಾಜಿನ ಮೈಗೆ ಉಳಿಯಬಹುದು. ಆಗ ಗಾಜಿನ ಚಾರ್ಜು ರಕ್ತಕ್ಕೆ ಕಾಣೋದೇ ಇಲ್ಲ. ಇಟ್ಟಂಗಿ ರಾಶಿ ಬಿದ್ದಿದೆ, ಮೇಸ್ತ್ರಿಯ ಬಾಯಿ ಕಟ್ಟಿದೆ. ಈಗಲೂ ಗೋಡೆ ಏಳಲ್ಲ. ಹೊರಗಿಂದ ನೋಡೋರಿಗೆ ಎರಡೂ ಒಂದೇ: ಟ್ಯೂಬ್ ವಾಲಿಸಿದರೆ ರಕ್ತ ಹರಿಯುತ್ತೆ.

ಸ್ವಚ್ಛ ಇದ್ರ ಛಲೋ ಅಲ್ಲೇನ್ರಿ ಅನ್ನೋ ಪ್ರಶ್ನೆಗೆ ಇದೇ ಉತ್ತರ. ನಮ್ಮ ಕಣ್ಣಿನ ಸ್ವಚ್ಛ ಬೇರೆ, ರಕ್ತದ ಸ್ವಚ್ಛ ಬೇರೆ. ಪ್ಲಾಸ್ಟಿಕ್‌ದೂ ಇದೇ ಹಣೆಬರಹ. ಸಾದಾ ಪ್ಲಾಸ್ಟಿಕ್ಕಿನ ಮೇಲ್ಮೈಯಲ್ಲಿ ಆ ಚಾರ್ಜ್ ಇಲ್ಲ, ಫ್ಯಾಕ್ಟರ್ 12ಕ್ಕೆ ಎಚ್ಚರ ಆಗೋ ಕಾರಣ ಇಲ್ಲ, ರಕ್ತ ತುಂಬಾ ಹೊತ್ತು ದ್ರವವಾಗೇ ಇರುತ್ತೆ. ಇನ್ನು ಕೆಲವು ಕಡೆ ಇಂಜೆಕ್ಷನ್ನಿನ ಖಾಲಿ ಬಾಟ್ಲಿ ಬಳಸೋ ರೂಢಿ ಇದೆ. ಗಾಜೇ ಹೌದು. ಆದರೆ ಅಂಥ ಕೆಲವು ಬಾಟ್ಲಿಗಳ ಒಳಮೈಗೆ ಕಂಪನಿಯವರು ಸಿಲಿಕೋನ್ ಲೇಪ ಕೊಟ್ಟಿರ್ತಾರೆ. ಕಣ್ಣಿಗೆ ಕಾಣೋದಿಲ್ಲ.

ತಪ್ಪಾದರೆ ಏನಾಗುತ್ತೆ? ವಿಷ ಏರದ ಮನುಷ್ಯನ ರಕ್ತ ಕೆಟ್ಟ ಟ್ಯೂಬಿನಿಂದಾಗಿ ಹೆಪ್ಪುಗಟ್ಟದಿದ್ರೆ, ಅವನಿಗೆ ಎಎಸ್‌ವಿ, ಅಂದ್ರೆ ಪ್ರತಿವಿಷ ಶುರು ಮಾಡ್ತಾರೆ. ನಮ್ಮ ಕ್ರಮದಲ್ಲಿ ಮೊದಲ ಡೋಸೇ 8ರಿಂದ 10 ವೈಲ್. ಕುದುರೆಯ ರಕ್ತದಿಂದ ತಯಾರಾಗೋ ಔಷಧ ಅದು. ಕೆಲವರಿಗೆ ಬಿಪಿ ಕುಸಿದು ಜೀವಕ್ಕೇ ಬರುವಂಥ ಅಲರ್ಜಿ ಆಗಬಹುದು. ಜೊತೆಗೆ, ಚಿಕ್ಕ ಆಸ್ಪತ್ರೆಯ ಫ್ರಿಜ್ಜಿನಲ್ಲಿರೋ ವೈಲ್ ಎಷ್ಟು ಅಂತ ಲೆಕ್ಕ ಹಾಕಿ. ಬೆಳಗ್ಗೆ ನಿಜವಾಗಲೂ ಬೇಕಾದವರು ಬಂದರೆ? ಆರು ತಾಸಿಗೊಮ್ಮೆ ಮತ್ತೆ ಇದೇ ಪರೀಕ್ಷೆ ಮಾಡಿ, ಹೆಪ್ಪುಗಟ್ಟಿಲ್ಲ ಅಂದ್ರೆ ಇನ್ನಷ್ಟು ಕೊಡ್ತಾರೆ. ಹಾಗಾಗಿ ಒಂದು ಕೆಟ್ಟ ಟ್ಯೂಬು ಒಂದೇ ಸಲ ತಪ್ಪು ಹೇಳಿ ಸುಮ್ಮನಾಗಲ್ಲ.

ಉಲ್ಟಾ ತಪ್ಪೂ ಇದೆ. ಶ್ರೀಲಂಕಾದಲ್ಲಿ ಕೊಳಕುಮಂಡಲ ಕಡಿದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆಯ ದಿನನಿತ್ಯದ ಗಡಿಬಿಡಿಯಲ್ಲಿ ಮಾಡಿದ ಈ ಪರೀಕ್ಷೆ, ರಕ್ತ ಕೆಟ್ಟಿದ್ದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನ ಹಿಡಿಯಲೇ ಇಲ್ಲ. ಅದರಿಂದ ಪ್ರತಿವಿಷ ಕೊಡೋದು ತಡವಾಯ್ತು. ಅದೇ ದೇಶದಲ್ಲಿ 2017ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಗಾಜಿನ ಟ್ಯೂಬಿನ ಅಳತೆ, ರಕ್ತದ ಪ್ರಮಾಣ ಎಲ್ಲ ಒಂದೇ ಥರ ಇಟ್ಟು ಮಾಡಿದಾಗ ಫಲಿತಾಂಶ ತುಂಬ ಸುಧಾರಿಸಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಸರಳ ಪರೀಕ್ಷೆ ಅಂದ ಕೂಡಲೇ ಹೆಂಗ್ ಮಾಡಿದರೂ ನಡೀತದ ಅಂತ ತಿಳ್ಕೊಳ್ಳೋದೇ ಇದರ ದೊಡ್ಡ ಶತ್ರು.

ಸರಿ. ಈವರೆಗೆ ನಾವು ಮಾತಾಡಿದ್ದು ಗಾಜು ರಕ್ತವನ್ನ ಕೆಣಕಬೇಕಾದ ಜಾಗ. ಬಹಳಷ್ಟು ಕಡೆ ನಮಗೆ ಬೇಕಿರೋದು ಇದರ ವಿರುದ್ಧ: ಗಾಜು ತಾಗಿದರೂ ದೇಹಕ್ಕೆ ಗೊತ್ತಾಗಬಾರದು. ಮೇಲ್ಮೈಗೆ ಲೇಪ ಕೊಡೋ ವಿದ್ಯೆ ಅಲ್ಲಿ ಶುರುವಾಯ್ತು.

ಇದು ಹಳೇ ಯೋಚನೆ. 1886ರಲ್ಲಿ ವಿಯೆನ್ನಾದ ಅರ್ನ್ಸ್ಟ್ ಫ್ರಾಯಿಂಡ್, ಪಾತ್ರೆಯ ಒಳಗೆ ವ್ಯಾಸಲೀನ್ ಸವರಿ ರಕ್ತ ಹಾಕಿದರೆ ಹೆಪ್ಪುಗಟ್ಟೋದು ತಡವಾಗುತ್ತೆ ಅಂತ ತೋರಿಸಿದ್ದ. ಆಮೇಲೆ ಬಂದವರು ಪ್ಯಾರಾಫಿನ್ ಮೇಣ ಬಳಿದರು. ಕೆಲಸ ಮಾಡ್ತಿತ್ತು, ಆದರೆ ಮೇಣ ಮಸುಕು, ಬಿಸಿಗೆ ಕರಗುತ್ತೆ, ಕೆತ್ತಿಬರುತ್ತೆ.

1940ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಿಲಿಕೋನ್ ರಸಾಯನ ಬಂದಮೇಲೆ ಚಿತ್ರ ಬದಲಾಯ್ತು. ಕ್ಲೋರಿನ್ ಇರೋ ಒಂದು ಸಿಲಿಕಾನ್ ಸಂಯುಕ್ತದ ಆವಿಗೆ ಗಾಜನ್ನ ಒಡ್ಡಿದರೆ, ಗಾಜಿನ ಮೈಮೇಲೆ ನಾನು ಹೇಳಿದೆನಲ್ಲ, ಆ ಖಾಲಿ ಕೈಗಳು, ಅವುಗಳ ಜೊತೆಯೇ ಅದು ರಾಸಾಯನಿಕವಾಗಿ ಕೂಡಿಬಿಡುತ್ತೆ. ಹೊರಮುಖಕ್ಕೆ ಉಳಿಯೋದು ಎಣ್ಣೆಯಂಥ ಗುಣದ ಮೀಥೈಲ್ ಗುಂಪುಗಳು. ಮೇಣದ ಹಾಗೆ ಮೇಲೆ ಬಳಿದದ್ದಲ್ಲ ಇದು, ಗಾಜಿನ ಚರ್ಮವೇ ಬದಲಾದ ಹಾಗೆ. ಅಣುಗಳ ಒಂದೇ ಪದರ ಕೂತರೂ ಸಾಕು, ಕೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ತೆಳು. ನೀರು ಹಾಕಿ ನೋಡಿದರೆ ಗೊತ್ತಾಗುತ್ತೆ: ಸಾದಾ ಗಾಜಿನ ಮೇಲೆ ಹರಡಿಕೊಳ್ಳೋ ನೀರು ಇಲ್ಲಿ ತಾವರೆ ಎಲೆ ಮೇಲಿನ ಹನಿಯ ಹಾಗೆ ಉರುಳುತ್ತೆ. 1946ರಲ್ಲಿ ಕೆನಡಾದ ಸಂಶೋಧಕರು ಇಂಥ ಸಿಲಿಕೋನ್ ಗಾಜಿನಲ್ಲಿ ರಕ್ತ ಹೆಪ್ಪುಗಟ್ಟೋದು ಬಹಳ ತಡವಾಗುತ್ತೆ ಅಂತ ವರದಿ ಮಾಡಿದರು. ಮೇಸ್ತ್ರಿಯ ಬಾಯಿಯನ್ನ ಈ ಸಲ ಬೇಕಂತಲೇ ಕಟ್ಟಿದ್ದು.

ನಿಮ್ಮ ಮನೆಯಲ್ಲಿ ಯಾರಾದರೂ ಇನ್ಸುಲಿನ್ ಪೆನ್ ಬಳಸ್ತಾ ಇದ್ರೆ ಈ ವಿದ್ಯೆ ಆಗಲೇ ನಿಮ್ಮ ಫ್ರಿಜ್ಜಿನ ಬಾಗಿಲಲ್ಲಿದೆ. ಪೆನ್ನಿನೊಳಗಿನ ಗಾಜಿನ ಕಾರ್ಟ್ರಿಜ್‌ನ ಒಳಗೋಡೆಗೆ ಸಿಲಿಕೋನ್ ಇರುತ್ತೆ. ಮುಖ್ಯ ಕೆಲಸ ರಬ್ಬರ್ ಬಿರಡೆ ಸಲೀಸಾಗಿ ಜಾರಲಿ ಅಂತ, ಇಲ್ಲದಿದ್ರೆ ಡೋಸ್ ಎಳೆದೆಳೆದು ಬರುತ್ತೆ. ಇನ್ಸುಲಿನ್ ಕೂಡ ಒಂದು ಪ್ರೋಟೀನೇ, ಸಿಕ್ಕ ಮೇಲ್ಮೈಗೆ ಅಂಟೋ ಚಾಳಿ ಅದಕ್ಕೂ ಇದೆ. ಐಸಿಯುನಲ್ಲಿ ಸಲೈನ್ ಜೊತೆ ಇನ್ಸುಲಿನ್ ಹನಿ ಹಾಕೋವಾಗ ಮೊದಲ 20 ಎಂಎಲ್‌ನಷ್ಟನ್ನ ಪೈಪಿನಲ್ಲಿ ಹರಿಸಿ ಚೆಲ್ಲಿಬಿಡ್ತಾರೆ. ನೋಡೋರಿಗೆ ದುಂದು ಅನ್ಸುತ್ತೆ. ಪೈಪಿನ ಗೋಡೆಗೆ ಎಷ್ಟು ಅಂಟಬೇಕೋ ಮೊದಲೇ ಅಂಟಿಬಿಡಲಿ, ಆಮೇಲೆ ರೋಗಿಗೆ ಪೂರ್ತಿ ಡೋಸ್ ಸಿಗಲಿ ಅನ್ನೋ ಲೆಕ್ಕ ಅದು.

ಹಾಗಾದ್ರೆ ಸಿಲಿಕೋನ್ ಹಚ್ಚಿದ ಗಾಜು ದೇಹಕ್ಕೆ ಪೂರ್ತಿ ಒಗ್ಗಿತಾ? ಇಲ್ಲ. ಯಾವ ವಸ್ತುವೇ ಆಗಲಿ, ರಕ್ತ ತಾಗಿದ ಕೆಲವೇ ಸೆಕೆಂಡಿನಲ್ಲಿ ರಕ್ತದ ಪ್ರೋಟೀನ್‌ಗಳು ಬಂದು ಅದರ ಮೇಲೆ ಒಂದು ಹೊದಿಕೆ ಹಾಸಿಬಿಡುತ್ತವೆ. ಆಮೇಲೆ ಬರೋ ಕೋಶಗಳು ನೋಡೋದು ಗಾಜನ್ನಲ್ಲ, ಆ ಹೊದಿಕೆಯನ್ನ. ಹೊದಿಕೆಯೂ ಸ್ಥಿರವಲ್ಲ, ಮೊದಲು ಬಂದು ಕೂತ ಪ್ರೋಟೀನನ್ನ ಎಬ್ಬಿಸಿ ಇನ್ನೊಂದು ಕೂರುತ್ತೆ, ಥೇಟ್ ನಮ್ಮ ಬಸ್ಸಿನ ಸೀಟಿನ ಹಾಗೆ. ಇದನ್ನ 1960ರ ದಶಕದಲ್ಲಿ ಗುರುತಿಸಿದವನು ಲಿಯೋ ವ್ರೋಮನ್. ನೆದರ್‌ಲ್ಯಾಂಡ್ಸ್‌ನವನು, ಅಲ್ಲಿ ಅವನು ಹೆಸರಾಂತ ಕವಿ ಕೂಡ. ಇಂದಿಗೂ ಇದಕ್ಕೆ ವ್ರೋಮನ್ ಪರಿಣಾಮ ಅಂತಲೇ ಹೆಸರು. ಅದಕ್ಕೇ ಈಗಿನ ಲೇಪಗಳ ಯೋಚನೆ ಬೇರೆ: ಪ್ರೋಟೀನ್ ಕೂರೋಕೇ ಜಾಗ ಕೊಡದಂಥ, ನೀರನ್ನ ಬಿಗಿಯಾಗಿ ಹಿಡಿದಿಟ್ಟುಕೊಳ್ಳೋ ಉದ್ದುದ್ದ ಅಣುಗಳನ್ನ ಹುಲ್ಲಿನ ಹಾಗೆ ನೆಡೋದು, ಇಲ್ಲವೇ ಹೆಪ್ಪು ತಡೆಯೋ ಹೆಪಾರಿನ್ನನ್ನೇ ಮೇಲ್ಮೈಗೆ ಕಟ್ಟಿಹಾಕೋದು.

ಇಷ್ಟೆಲ್ಲ ಆದರೂ ಇವುಗಳ ಹಿಂದಿರೋ ಆಸೆ ಒಂದೇ. ದೇಹ ನಮ್ಮನ್ನ ಗಮನಿಸದಿರಲಿ, ಅಷ್ಟೇ. ಎಲುಬಿನ ವಿಷಯಕ್ಕೆ ಬಂದರೆ ಈ ಆಸೆ ಸಾಕಾಗಲ್ಲ. ಬಳೆ ಚೂರು ಕೈಯೊಳಗೆ ಉಳಿದುಹೋದವರನ್ನ ನೀವು ನೋಡಿರಬಹುದು. ಕೀವಾಗದಿದ್ರೆ, ದೇಹ ಅದರ ಸುತ್ತ ನಾರಿನ ಒಂದು ಚೀಲ ಹೆಣೆದು ಬೇರೆ ಇಟ್ಟುಬಿಡುತ್ತೆ. ಜಗಳ ಇಲ್ಲ, ಸಂಬಂಧವೂ ಇಲ್ಲ. ಎಲುಬು ತುಂಬೋಕೆ ಹಾಕಿದ ವಸ್ತುವಿನ ಸುತ್ತ ಇಂಥ ಚೀಲ ಬೆಳೆದರೆ ಅದು ಅಲ್ಲಾಡುತ್ತೆ, ಸಡಿಲಾಗುತ್ತೆ.

1967ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಅನ್ನೋ ಗಾಜು ವಿಜ್ಞಾನಿ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗ್ತಾ ಇದ್ದ. ಪಕ್ಕದಲ್ಲಿ ಕೂತಿದ್ದು ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದಿದ್ದ ಸೇನಾಧಿಕಾರಿ. ಹೆಂಚ್ ತನ್ನ ಗಾಜಿನ ಬಗ್ಗೆ ಹೇಳಿದರೆ, ಅಧಿಕಾರಿ ಕೇಳಿದ್ದು, ಮನುಷ್ಯನ ದೇಹದೊಳಗೆ ಬಾಳಿಕೆ ಬರೋ ವಸ್ತು ಮಾಡೋಕಾಗುತ್ತಾ ಅಂತ. ಹಾಕಿದ್ದನ್ನೆಲ್ಲ ದೇಹ ತಿರಸ್ಕರಿಸ್ತಾ ಇತ್ತು, ಗಾಯಾಳುಗಳ ಕೈಕಾಲು ಕತ್ತರಿಸಬೇಕಾಗ್ತಿತ್ತು. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಹೆಂಚ್ ತಂಡ 1969ರಲ್ಲಿ ಒಂದು ಗಾಜು ಮಾಡಿತು: ತೂಕದಲ್ಲಿ ಸಿಲಿಕಾ 45 ಪಾಲು, ಸೋಡಿಯಂ ಆಕ್ಸೈಡ್ 24.5, ಕ್ಯಾಲ್ಸಿಯಂ ಆಕ್ಸೈಡ್ 24.5, ಫಾಸ್ಫರಸ್‌ನ ಆಕ್ಸೈಡ್ 6. ಇಲಿಯ ತೊಡೆ ಎಲುಬಿನಲ್ಲಿ ಇಟ್ಟು ಕೆಲವು ವಾರ ಬಿಟ್ಟು ತೆಗೆಯಹೋದರೆ, ಬರಲೇ ಇಲ್ಲ. ಎಲುಬಿಗೆ ಕೂಡಿಕೊಂಡಿತ್ತು.

ಗುಟ್ಟು ಮತ್ತೆ ಮೇಲ್ಮೈಯಲ್ಲೇ. ಕಿಟಕಿ ಗಾಜಿನಲ್ಲಿ ಸಿಲಿಕಾ 70 ಪಾಲಿಗಿಂತ ಹೆಚ್ಚು, ಬಲೆ ಬಿಗಿ. ಇಲ್ಲಿ 45 ಮಾತ್ರ, ಬಲೆ ಸಡಿಲ, ಗಾಜು ನೀರಿಗೆ ಸ್ಪಂದಿಸುತ್ತೆ. ದೇಹದ ದ್ರವ ತಾಗಿದ ಕೂಡಲೇ ಮೇಲಿನ ಪದರದಿಂದ ಸೋಡಿಯಂ ಹೊರಗೆ ಹೋಗುತ್ತೆ. ಉಳಿದ ಸಿಲಿಕಾ ಜೆಲ್ಲಿನ ಹಾಗೆ ಮೆತ್ತಗಾಗುತ್ತೆ. ಅದರ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟ್ ಬಂದು ಕೂತು, ದಿನ ಕಳೆದಂತೆ ಹರಳುಗಟ್ಟಿ ಅಪಟೈಟ್ ಆಗುತ್ತೆ. ನಮ್ಮ ಎಲುಬಿನ ಖನಿಜವೂ ಅದೇ ಜಾತಿಯದು. ಎಲುಬಿನ ಕೋಶಗಳು ಬಂದು ನೋಡಿದರೆ ಕಾಣೋದು ಪರಕೀಯ ಗಾಜಲ್ಲ, ತಮ್ಮದೇ ಮನೆಯ ಗೋಡೆ. ಕೊಲಾಜೆನ್ ನಾರು ಆ ಪದರದೊಳಗೇ ಹೆಣೆದುಕೊಳ್ಳುತ್ತೆ. ಕರಗಿ ಬರೋ ಕ್ಯಾಲ್ಸಿಯಂ, ಸಿಲಿಕಾನ್ ಆ ಕೋಶಗಳನ್ನ ಚುರುಕುಗೊಳಿಸುತ್ತೆ ಅಂತಾನೂ ಆಮೇಲಿನ ಸಂಶೋಧನೆ ತೋರಿಸಿತು. ಲೇಪ ಕೊಡೋ ಕೆಲಸವನ್ನ ಇಲ್ಲಿ ಫ್ಯಾಕ್ಟರಿ ಮಾಡಿಲ್ಲ, ದೇಹವೇ ಮಾಡಿಕೊಂಡಿದೆ. ಈ ಭಾಗ ಓದುವಾಗ ನನಗಂತೂ ರೋಮಾಂಚನ ಆಗಿತ್ತು.

1985ರಿಂದ ಇದು ಆಸ್ಪತ್ರೆಗೆ ಬಂತು, ಮೊದಲು ಕಿವಿಯೊಳಗಿನ ಪುಟ್ಟ ಮೂಳೆಯ ಬದಲಿಗೆ. ಆಮೇಲೆ ವಸಡಿನ ರೋಗದಿಂದ ದವಡೆ ಎಲುಬು ಕರಗಿದ ಜಾಗ ತುಂಬೋಕೆ. ಫಿನ್ಲೆಂಡಿನ ತುರ್ಕುವಿನಲ್ಲಿ ಬೆಳೆದ ಇನ್ನೊಂದು ಜಾತಿಯ ಗಾಜನ್ನ ಸೋಂಕು ತಗುಲಿದ ಎಲುಬಿನ ಪೊಳ್ಳು ತುಂಬೋಕೆ ಬಳಸ್ತಾರೆ. ಅದು ಕರಗುವಾಗ ಸುತ್ತಲಿನ ಕ್ಷಾರ ಹೆಚ್ಚಾಗಿ ಬ್ಯಾಕ್ಟೀರಿಯಾ ಬದುಕೋದು ಕಷ್ಟ. ಹಲ್ಲು ಜುಂ ಅನ್ನೋರಿಗೆ ಮಾರೋ ಕೆಲವು ಪೇಸ್ಟುಗಳ ಡಬ್ಬಿ ಹಿಂದೆ ಕ್ಯಾಲ್ಸಿಯಂ ಸೋಡಿಯಂ ಫಾಸ್ಫೊಸಿಲಿಕೇಟ್ ಅಂತ ಬರೆದಿರುತ್ತೆ. ಅದು ಹೆಂಚ್‌ನ ಗಾಜಿನ ಪುಡಿಯೇ. ಹಲ್ಲಿನ ಸೂಕ್ಷ್ಮ ರಂಧ್ರಗಳ ಬಾಯಲ್ಲಿ ಅದೇ ಅಪಟೈಟ್ ಪದರ ಕಟ್ಟುತ್ತೆ. ಹುಳುಕು ಹಲ್ಲನ್ನ ಅದು ಸರಿಮಾಡಲ್ಲ, ಜಾಹೀರಾತು ನೋಡಿ ಡೆಂಟಿಸ್ಟ್ ಹತ್ರ ಹೋಗೋದನ್ನ ಬಿಡಬೇಡಿ.

ಕೊರತೆಯೂ ಇದೆ. ಗಾಜು ಗಾಜೇ, ಭಾರ ಹೊರಲ್ಲ, ಒಡೆಯುತ್ತೆ. ಸೊಂಟದ ಕೀಲಿಗೆ ಇದನ್ನ ಹಾಕೋಕಾಗಲ್ಲ. ಟೈಟೇನಿಯಂ ಮೇಲೆ ಇದನ್ನೇ ಲೇಪ ಮಾಡೋಣ ಅಂದ್ರೆ, ಬಿಸಿಯಲ್ಲಿ ಹಿಗ್ಗಿ ತಣ್ಣಗಾದಾಗ ಕುಗ್ಗೋ ಪ್ರಮಾಣ ಎರಡಕ್ಕೂ ಬೇರೆ ಬೇರೆ. ಎನಾಮೆಲ್ ಬಟ್ಟಲಿನಿಂದ ಚಕ್ಕೆ ಏಳೋ ಹಾಗೆ ಲೇಪ ಬಿರುಕು ಬಿಡುತ್ತೆ. ಗಾಜಿನ ಸೂತ್ರ ತಿದ್ದಿ ಈ ಎರಡನ್ನೂ ಹೊಂದಿಸೋ ಕೆಲಸ ಜಗತ್ತಿನ ಹಲವು ಲ್ಯಾಬ್‌ಗಳಲ್ಲಿ ನಡೀತಿದೆ. ನಮ್ಮ ದೇಶದಲ್ಲಿ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಇಂಥ ಗಾಜುಗಳ ಮೇಲೆ ಕೆಲಸ ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಎಲುಬಿಗೆ ಒಗ್ಗೋ ಸೆರಾಮಿಕ್ ವಸ್ತುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮೆಟೀರಿಯಲ್ಸ್ ಓದ್ತಿರೋರು ಈ ದಾರಿ ನೋಡಬಹುದು.

ಇನ್ನು ನಿಡಗುಂದಿಯ ಪ್ರಶ್ನೆಯಲ್ಲಿ ಒಂದು ಬಾಲ ಉಳಿದಿದೆ. ಲ್ಯಾಬಿನಲ್ಲಿ ಕೆಂಪು ಮುಚ್ಚಳದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟೋದನ್ನ ನೋಡಿದವರು ಕೇಳ್ತಾರೆ, ಅದು ಹೆಂಗ್ರಿ ಅಂತ. ಆ ಟ್ಯೂಬಿನ ಒಳಗೋಡೆಗೆ ಸಿಲಿಕಾದ ನುಣ್ಣನೆ ಪುಡಿ ಸಿಂಪಡಿಸಿರ್ತಾರೆ. ಪ್ಲಾಸ್ಟಿಕ್ಕಿಗೆ ಗಾಜಿನ ಚರ್ಮ ತೊಡಿಸಿದ ಹಾಗೆ. ಸೀರಂ ಬೇಗ ಬೇರ್ಪಡಲಿ ಅಂತ ಮಾಡಿದ್ದು ಅದು. ಹಾವು ಕಡಿತದ ಪರೀಕ್ಷೆಯ 20 ನಿಮಿಷ, ವಾಲಿಸಿ ನೋಡೋ ಕ್ರಮ ಎಲ್ಲ ಲೆಕ್ಕ ಹಾಕಿರೋದು ಸಾದಾ ಗಾಜಿಗೆ. ಪುಡಿ ಇರೋ ಟ್ಯೂಬಿನ ವೇಗ ಬೇರೆ. ಅದನ್ನ ಇದಕ್ಕೆ ಬಳಸಬೇಡಿ. ನೇರಳೆ, ನೀಲಿ ಮುಚ್ಚಳದವುಗಳಲ್ಲಂತೂ ಹೆಪ್ಪು ತಡೆಯೋ ಔಷಧಿಯೇ ಇರುತ್ತೆ.

ಹಾವು ಕಡಿದವರ ಮನೆಯವರಿಗೆ: ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ, ಕಡಿದ ಕೈ ಅಥವಾ ಕಾಲನ್ನ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ರಕ್ತ ಗಾಜಿನಲ್ಲಿ ಹೆಪ್ಪುಗಟ್ಟಿತು ಅಂದ ಕೂಡಲೇ ಮನೆಗೆ ಹೊರಡೋಕೆ ಅವಸರ ಮಾಡಬೇಡಿ. ನಾಗರ, ಕಟ್ಟುಹಾವಿನ ವಿಷ ಈ ಟ್ಯೂಬಿನಲ್ಲಿ ಗೊತ್ತಾಗಲ್ಲ, ಮಂಡಲದ ವಿಷವೂ ಕೆಲವು ತಾಸು ಬಿಟ್ಟು ಏರಬಹುದು.

ಲ್ಯಾಬಿನವರಿಗೆ: ಟ್ಯೂಬಿನ ಮೇಲೆ ಸಂಶಯ ಇದ್ದರೆ ಮಾರ್ಗಸೂಚಿಯಲ್ಲೇ ಒಂದು ಉಪಾಯ ಇದೆ. ಜೊತೆಗೆ ಬಂದಿರೋ ಅಣ್ಣನೋ ಅಪ್ಪನೋ, ಆರೋಗ್ಯವಾಗಿರೋ ಯಾರದ್ದಾದರೂ 2 ಎಂಎಲ್ ರಕ್ತ ತೆಗೆದು, ಅದೇ ಡಬ್ಬಿಯಿಂದ ತೆಗೆದ ಇನ್ನೊಂದು ಟ್ಯೂಬಿಗೆ ಹಾಕಿ ಪಕ್ಕದಲ್ಲೇ ಇಡಿ. ಅವರ ರಕ್ತವೂ ಹರಿದರೆ ಕೆಟ್ಟಿರೋದು ರಕ್ತವಲ್ಲ, ಗಾಜು. ಬೇರೆ ಟ್ಯೂಬ್ ತಗೊಂಡು ಮತ್ತೆ ಮಾಡಿ. ಅವರದ್ದು ಗಟ್ಟಿಯಾಗಿ ಇವರದ್ದು ಹರಿದರೆ ಒಂದು ನಿಮಿಷವೂ ತಡಮಾಡದೆ ಡಾಕ್ಟರಿಗೆ ಹೇಳಿ. ಒಂದು ಟ್ಯೂಬಿನ ಮೇಲೆ ಪೇಷಂಟ್ ಹೆಸರು, ಇನ್ನೊಂದರ ಮೇಲೆ ಕಂಟ್ರೋಲ್ ಅಂತ, ಎರಡರ ಮೇಲೂ ರಕ್ತ ತೆಗೆದ ಸಮಯ. ಪೆನ್ನಿನಲ್ಲಿ ಬರೀರಿ, ತಲೆಯಲ್ಲಿ ಇಟ್ಕೋಬೇಡಿ.